ಕೆನ್ನೀರಿನೊಡನೆ ಸಾಗುವ ಪಾದರಸ

ಮಲೆನಾಡಿನ ನಾರ್ವೆ ಊರಿನ ಆಸುಪಾಸಿನಲ್ಲಿ, ಕೊಪ್ಪ–ಶೃಂಗೇರಿ–ನರಸಿಂಹರಾಜಪುರ ಸೀಮೆಯಲ್ಲಿ ಎಲ್ಲೂ ಪಾದರಸದ ಗಣಿಯಿಲ್ಲ. ಆದರೂ ಇಲ್ಲಿನ ಕಾಡುಮಣ್ಣಿಗೂ ಪಾದರಸಕ್ಕೂ ನಂಟಿದೆ. ಕೊಚ್ಚಿಹೋಗುವ ಮಣ್ಣು ಈ ವಿಷವನ್ನು ಊರೂರಿಗೆ ಹೊತ್ತೊಯ್ಯಬಲ್ಲದು ಎಂಬ ತಿಳಿವಳಿಕೆ ಬೆಳೆದುಬಂದ ದಾರಿಯನ್ನು ಮಲೆನಾಡಿಗರು ಗಮನಿಸಲೇಬೇಕು.

ಮೊದಮೊದಲು ಎಲ್ಲರ ಕಣ್ಣಿದ್ದದ್ದು ಕಾರ್ಖಾನೆಯ ಕೊಳವೆಯ ಮೇಲೆ. 1956ರಲ್ಲಿ ಜಪಾನಿನ ಮಿನಾಮಾಟಾದಲ್ಲಿ ಮೀನು ತಿಂದವರ ನರಮಂಡಲವೇ ಹಾಳಾದದ್ದು ಬೆಳಕಿಗೆ ಬಂತು. ನೀರಿನಡಿಯ ಕೆಸರಿನ ಸೂಕ್ಷ್ಮಜೀವಿಗಳು ಸಾಮಾನ್ಯ ಪಾದರಸವನ್ನು ಇನ್ನಷ್ಟು ವಿಷಕಾರಿಯಾದ ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ ಎಂದು 1969ರಲ್ಲಿ ಸ್ವೀಡನ್ನಿನ ಯೆನ್ಸೆನ್ ಮತ್ತು ಯೆರ್ನೆಲೋವ್ ತೋರಿಸಿದರು. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಬಳಿಯ ಪಾದರಸ ಕುರಿತು ಕೃಷ್ಣಕುಮಾರ್ ಮತ್ತು ಪಿಳ್ಳೈ ಅವರ ಪ್ರಬಂಧ 1990ರಲ್ಲಿ ಪ್ರಕಟವಾಯಿತು. 2001ರಲ್ಲಿ ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ ಮುಚ್ಚಿತು. ಅಲ್ಲಿನ ಮಣ್ಣಿನಲ್ಲಿ ಉಳಿದ ಪಾದರಸ ಮಳೆನೀರಿನೊಡನೆ ಪಾಂಬಾರ್ ಶೋಲಾ ಕಾಡಿಗೆ ಇಳಿಯುವ ಆತಂಕ ಮಾತ್ರ ಮುಗಿಯಲಿಲ್ಲ.

ನೋಟವನ್ನೇ ಬದಲಿಸಿದ್ದು ಬ್ರೆಜಿಲ್‌ನ ಟಪಾಜೋಸ್ ನದಿ. ಅಲ್ಲಿನ ಪಾದರಸಕ್ಕೆ ಚಿನ್ನದ ಗಣಿಗಾರಿಕೆಯೇ ಕಾರಣವೆಂದು ನಂಬಲಾಗಿತ್ತು. 1990ರ ದಶಕದಲ್ಲಿ ರೂಲೇ, ಲೂಕಾಟ್ ಮತ್ತು ಸಂಗಡಿಗರು ಕಂಡುಕೊಂಡದ್ದು ಬೇರೆ: ಪಾದರಸ ಕಾಡಿನ ಮಣ್ಣಿನಲ್ಲೇ ಬಹುಕಾಲದಿಂದ ಶೇಖರವಾಗಿತ್ತು; ಮರ ಕಡಿದಾಗ ಮಣ್ಣಿನ ಜೊತೆ ಅದೂ ನದಿಗಿಳಿಯಿತು.

ಇದು ಹೇಗೆ ನಡೆಯುತ್ತದೆ? ಕಲ್ಲಿದ್ದಲಿನ ಹೊಗೆಯಿಂದ, ಜ್ವಾಲಾಮುಖಿಗಳಿಂದ ಗಾಳಿಗೆ ಸೇರಿದ ಪಾದರಸದ ಆವಿಯನ್ನು ಮರದ ಎಲೆಗಳು ಹೀರಿಕೊಳ್ಳುತ್ತವೆ. ಎಲೆ ಉದುರಿ ದರಗಾಗಿ ಕೊಳೆತಾಗ ಪಾದರಸ ಮೇಲ್ಮಣ್ಣಿನ ಸಾವಯವ ಅಂಶಕ್ಕೆ, ಕಬ್ಬಿಣದ ಆಕ್ಸೈಡ್ ತುಂಬಿದ ಜೇಡಿಕಣಗಳಿಗೆ ಅಂಟಿಕೊಳ್ಳುತ್ತದೆ. ಮಲೆನಾಡಿನ ಕೆಂಪುಮಣ್ಣು ಇಂಥದ್ದೇ. ಈಗ ಬೋಳಾದ ಇಳಿಜಾರಿನ ಮೇಲೆ ಆರಿದ್ರಾ ಮಳೆ ಹೊಡೆಯಿತೆನ್ನಿ. ಹನಿಯ ಪೆಟ್ಟಿಗೆ ಮಣ್ಣಿನ ಹರಳು ಒಡೆಯುತ್ತದೆ. ದಪ್ಪ ಮರಳು ಧರೆಯ ಬುಡದಲ್ಲೇ ಉಳಿಯುತ್ತದೆ. ನವಿರಾದ ಜೇಡಿ ಕೆನ್ನೀರಾಗಿ ಹಳ್ಳ ಸೇರುತ್ತದೆ. ಪಾದರಸ ಹೆಚ್ಚಾಗಿ ಅಂಟಿರುವುದು ಆ ನವಿರು ಕಣಗಳಿಗೇ. ಅವು ಹಿನ್ನೀರಿನಲ್ಲಿ ತಂಗಿ, ಆಮ್ಲಜನಕವಿಲ್ಲದ ಕೆಸರಾದಾಗ ಸೂಕ್ಷ್ಮಜೀವಿಗಳ ಕೆಲಸ ಶುರು. ಮುಂದೆ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಮನುಷ್ಯನಿಗೆ ವಿಷ ಏರುತ್ತ ಹೋಗುತ್ತದೆ.

ಮಣ್ಣಿನ ಸವಕಳಿಯ ಲೆಕ್ಕ ಬೇರೊಂದು ಹಾದಿಯಲ್ಲಿ ಬೆಳೆಯಿತು. 1965ರಲ್ಲಿ ಅಮೆರಿಕದ ವಿಶ್‌ಮೈಯರ್ ಮತ್ತು ಸ್ಮಿತ್ ಮಳೆ, ಇಳಿಜಾರು, ಬೆಳೆ, ಮಣ್ಣಿನ ಗುಣಗಳನ್ನು ಸೇರಿಸಿ ಸವಕಳಿಯ ಸೂತ್ರ ಕೊಟ್ಟರು. ನಮ್ಮ ಭದ್ರೆಯ ಮೇಲೂ ಅಳತೆ ನಡೆಯಿತು. ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಗಣಿಗಾಗಿ ಅಗೆದ ಪುಟ್ಟ ಪ್ರದೇಶ ತನ್ನ ವಿಸ್ತೀರ್ಣಕ್ಕೆ ಮೀರಿದ ಹೂಳನ್ನು ನದಿಗೆ ಸೇರಿಸುತ್ತಿತ್ತೆಂದು ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಅವರು ಅಳೆದದ್ದು ಹೂಳನ್ನು. ಆದರೆ ಪಾದರಸಕ್ಕೆ ವಾಹನವೂ ಆ ಹೂಳೇ. ಅದೇ ನದಿಯ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರು ನರಸಿಂಹರಾಜಪುರದ ಅಂಚಿಗೇ ಬಂದು ನಿಂತಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಎರಡೂ ಹಾದಿಗಳು ಈಗ ಕೂಡಿವೆ. ಪ್ರಪಂಚದ ನದಿಗಳು ಕರಾವಳಿ ಸಮುದ್ರಕ್ಕೆ ವರ್ಷಕ್ಕೆ ಸುಮಾರು 1,000 ಟನ್ ಪಾದರಸ ಒಯ್ಯುತ್ತವೆಂದು 2021ರ ಒಂದು ಅಧ್ಯಯನ ಅಂದಾಜಿಸಿತು. ಭಾರತ 2018ರಲ್ಲಿ ಪಾದರಸ ಕುರಿತ ಮಿನಾಮಾಟಾ ಒಪ್ಪಂದವನ್ನು ಅನುಮೋದಿಸಿತು. ಬಿತ್ತನೆಯ ಆಲೂಗಡ್ಡೆ, ಕಬ್ಬಿಗೆ ಬಳಸುತ್ತಿದ್ದ ಪಾದರಸಯುಕ್ತ ಶಿಲೀಂಧ್ರನಾಶಕವನ್ನೂ ಅದೇ ವರ್ಷ ನಿಷೇಧಿಸಿತು.

ಹೊಸ ಪಾದರಸವನ್ನು ಕಾನೂನು ತಡೆದೀತು. ಮಣ್ಣಲ್ಲಿ ಆಗಲೇ ಇರುವುದನ್ನು ತಡೆಹಿಡಿಯಬಲ್ಲದ್ದು ಮಣ್ಣನ್ನು ಹಿಡಿದಿಡುವ ಕೆಲಸ ಮಾತ್ರ. ಮಳೆಗಾಲದ ಹೊಸ್ತಿಲಲ್ಲಿ ಜೆಸಿಬಿಯಿಂದ ಧರೆ ಕಡಿಯದಿರುವುದು, ಶುಂಠಿ ಪಾತಿಯನ್ನು ಇಳಿಜಾರಿಗೆ ಅಡ್ಡಲಾಗಿ ಮಾಡಿ ಸೊಪ್ಪು ಮುಚ್ಚುವುದು, ಸೊಪ್ಪಿನಬೆಟ್ಟವನ್ನು ಬೋಳಾಗಲು ಬಿಡದಿರುವುದು, ಹಳ್ಳದ ದಂಡೆಯ ಮರಗಳನ್ನು ಉಳಿಸುವುದು: ಇವನ್ನು ಇನ್ನು ಮುಂದೆ ಬರೀ ಕೃಷಿ ಇಲಾಖೆಯ ಸಲಹೆಗಳೆಂದು ನೋಡಬಾರದು. ಕೆಳಗಿನ ಊರುಗಳ ಊಟದ ತಟ್ಟೆಯನ್ನು ಕಾಯುವ ಆರೋಗ್ಯ ಕ್ರಮಗಳೂ ಇವೇ.