ಒಳಲೆ, ಬಟ್ಟಲು ಮತ್ತು ಸಿಪ್ಪರ್

ಕಳೆದ ಬೇಸಿಗೆಯಲ್ಲಿ ನನ್ನ ಮಗಳು ಬೆಂಗಳೂರಿನಿಂದ ಹಾವೇರಿಯ ನಮ್ಮ ಮನೆಗೆ ಬಂದಾಗ ಅವಳ ಚೀಲದಲ್ಲಿ ಮೂರು ಸಿಪ್ಪರ್‌ಗಳಿದ್ದವು. ಒಂದೂವರೆ ವರ್ಷದ ಮೊಮ್ಮಗಳಿಗೆ ನೀರಿಗೊಂದು, ಹಾಲಿಗೊಂದು, ಹಣ್ಣಿನ ರಸಕ್ಕೊಂದು. ಎರಡು ಹಿಡಿಕೆ, ಮೇಲೊಂದು ಬಿಗಿಯಾದ ಮುಚ್ಚಳ, ಮುಚ್ಚಳಕ್ಕೊಂದು ಕೊಕ್ಕಿನಂತಹ ಮೂತಿ. ತಲೆಕೆಳಗು ಮಾಡಿ ಹಿಡಿದರೂ ಒಂದು ಹನಿ ಕೆಳಗೆ ಬೀಳದು. ಕೂಸು ಆ ಮೂತಿಯನ್ನು ಕಚ್ಚಿಕೊಂಡೇ ಪಡಸಾಲೆಯಿಂದ ಹಿತ್ತಲಿನವರೆಗೆ ಓಡಾಡುತ್ತಿತ್ತು.

ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದವನ ನಾಲಿಗೆ ಸುಮ್ಮನಿರುವುದುಂಟೆ? "ನಾವೆಲ್ಲಾ ಬಟ್ಟಲದಾಗ ಕುಡಿದ ಬೆಳೆದವರು. ಈ ಕೂಸಿಗೆ ಈ ಬಾಟ್ಲಿ ಯಾಕ ಬೇಕವ್ವಾ?" ಎಂದೆ. ಮಗಳು ಮುಖ ಎತ್ತದೆ ಕೇಳಿದಳು: "ಅಪ್ಪಾ, ನಿಮಗ ಬಟ್ಟಲಾ ಹಿಡಿದು ಕುಡಿಸಿದವರು ಯಾರು?" "ಯಾರು ಅಂದ್ರ? ನಮ್ಮವ್ವ" ಎಂದೆ. ಮೊಮ್ಮಗಳನ್ನು ನೋಡಲೆಂದು ಊರಿನಿಂದ ಬಂದು, ಗೋಡೆಗೆ ಒರಗಿ ಕುಳಿತಿದ್ದ ನನ್ನ ಅಕ್ಕ ಆ ಮಾತಿಗೆ ಸಣ್ಣಗೆ ನಕ್ಕಳು. ಅವಳು ಏಕೆ ನಕ್ಕಳೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು, ಕೂಸಿನ ಬಾಯಿಗೂ ಪಾತ್ರೆಗೂ ಇರುವ ಸಂಬಂಧದ ಹಳೆಯ ಕಥೆಯನ್ನು ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಸಬೇಕೆನಿಸಿದೆ.

ಕನ್ನಡ ನಾಡಿನಲ್ಲಿ ಈ ಕಥೆ ಒಳಲೆಯಿಂದ ಆರಂಭವಾಗುತ್ತದೆ. ಇಂದಿನ ತಾಯಂದಿರಲ್ಲಿ ಹಲವರು ಈ ಹೆಸರನ್ನೇ ಕೇಳಿರಲಾರರು. ಅಂಗೈಯಲ್ಲಿ ಹಿಡಿಸುವ, ಶಂಖವನ್ನು ಉದ್ದಕ್ಕೆ ಸೀಳಿದಂತೆ ಕಾಣುವ, ಒಂದು ತುದಿಯಲ್ಲಿ ಚೂಪಾದ ಮೂತಿಯುಳ್ಳ ಪುಟ್ಟ ಪಾತ್ರೆ ಅದು. ತಮಿಳರು ಇದನ್ನು ಪಾಲಡೈ ಎನ್ನುತ್ತಾರೆ. ಅನುಕೂಲಸ್ಥರ ಮನೆಯಲ್ಲಿ ಬೆಳ್ಳಿಯದು, ಉಳಿದವರಲ್ಲಿ ಹಿತ್ತಾಳೆಯದು ಅಥವಾ ಕಂಚಿನದು. ಮನೆಯ ಹಿರಿಯಳು ಕಾಲು ಚಾಚಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಮಲಗಿಸಿಕೊಂಡು, ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ಇಟ್ಟು ಹಾಲನ್ನೋ ಔಷಧಿಯನ್ನೋ ಹರಳೆಣ್ಣೆಯನ್ನೋ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಳು. ಹದಿನೆಂಟನೆಯ ಶತಮಾನದ ಯುರೋಪಿನ ಮನೆಗಳಲ್ಲಿ ಮಕ್ಕಳಿಗೆ ಗಂಜಿ ಕುಡಿಸಲು ಇದ್ದ, ದೋಣಿಯಾಕಾರದ ಪಾತ್ರೆಯೂ ಬಹುಮಟ್ಟಿಗೆ ಹೀಗೆಯೇ ಇತ್ತು.

ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಅಳುವ ಕೂಸಿನ ಬಾಯಿಗೆ ಒಳಲೆಯಿಂದ ಒತ್ತಾಯವಾಗಿ ಸುರಿದರೆ ಹಾಲು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರನ್ನೂ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಿದ್ದರೂ ಒಳಲೆ ಸಂಪೂರ್ಣ ಮೂಲೆಗುಂಪಾಗಲಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿ, ಎದೆಯನ್ನು ಚೀಪುವ ಶಕ್ತಿಯಿಲ್ಲದ ಶಿಶುಗಳಿಗೆ ತಾಯಿಯ ಹಾಲನ್ನು ಹಿಂಡಿ ಪಾಲಡೈಯಿಂದ ಕುಡಿಸುವ ಕ್ರಮ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇಂದಿಗೂ ಇದೆ. ಅದಕ್ಕೆ ಸಂದುಗೊಂದುಗಳಿಲ್ಲ, ಒಮ್ಮೆ ತೊಳೆದು ಕುದಿಸಿದರೆ ಶುದ್ಧ.

ಒಳಲೆ ಬಿಟ್ಟ ಮೇಲೆ ಬಟ್ಟಲು. ತೊಟ್ಟಿಲಿಗೆ ಹಾಕುವ ದಿನ ಉಡುಗೊರೆಯಾಗಿ ಬಂದ ಬೆಳ್ಳಿಯ ಬಟ್ಟಲು ಪೆಟ್ಟಿಗೆಯಲ್ಲಿಯೇ ಇರುತ್ತಿತ್ತು. ಬಳಕೆಗೆ ಇದ್ದುದು ಹಿತ್ತಾಳೆಯದು, ಆಮೇಲೆ ಸ್ಟೀಲಿನದು. ನಮ್ಮ ಧಾರವಾಡ ಸೀಮೆಯಲ್ಲಿ ಇನ್ನೊಂದು ಮೆಟ್ಟಿಲೂ ಇತ್ತು: ಬಶಿ. ಅಜ್ಜ ಕಪ್ಪಿನ ಚಹಾವನ್ನು ಬಶಿಗೆ ಸುರುವಿ, ಆರಿಸಿ, ತನ್ನ ತೊಡೆಯ ಮೇಲಿನ ಮೊಮ್ಮಗುವಿಗೆ ಒಂದು ಗುಟುಕು ಕೊಡುತ್ತಿದ್ದ. ಕೂಸಿಗೆ ಚಹಾ ಕೊಡುವುದು ತಪ್ಪು. ಆದರೆ ಅಗಲವಾದ, ಆಳವಿಲ್ಲದ ಅಂಚಿಗೆ ತುಟಿಯಿಟ್ಟು ಹೀರುವ ವಿದ್ಯೆಯನ್ನು ನಮ್ಮಲ್ಲಿ ಎಷ್ಟೋ ಜನ ಆ ಬಶಿಯಲ್ಲಿಯೇ ಕಲಿತದ್ದು. ಸ್ವಲ್ಪ ದೊಡ್ಡವರಾದ ಮೇಲೆ "ಕಚ್ಚಿ ಕುಡೀಬ್ಯಾಡ, ಎತ್ತಿ ಕುಡಿ" ಎಂಬ ಎಂಜಲಿನ ಪಾಠ. ಇದೇ ಎಂಜಲಿನ ಲೆಕ್ಕದಲ್ಲಿ ಕೆಲವು ಚಹಾದಂಗಡಿಗಳಲ್ಲಿ ದಲಿತರಿಗೆಂದು ಬೇರೆ ಕಪ್ಪು-ಬಶಿ ಇಡುತ್ತಿದ್ದುದನ್ನೂ ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದ ಕಾನೂನು 1955ರಲ್ಲಿಯೇ ಬಂದಿತ್ತು. ಬಟ್ಟಲು ತೆರೆದಿದ್ದ ಕಾಲದಲ್ಲಿ ಮನಸ್ಸುಗಳೂ ತೆರೆದಿದ್ದವೆಂದು ಯಾರೂ ಭ್ರಮಿಸಬಾರದೆಂದು ಇದನ್ನು ಹೇಳಿದೆ.

ಇನ್ನು ಬಾಟಲಿಯ ಕಥೆ. 1770ರ ಸುಮಾರಿಗೆ ಲಂಡನ್ನಿನ ಹ್ಯೂ ಸ್ಮಿತ್ ಎಂಬ ವೈದ್ಯ ಚಹಾ ಕುಡಿಕೆಯಂತಹ ಒಂದು ಹಾಲೂಡಿಸುವ ಪಾತ್ರೆಯನ್ನು ಮಾಡಿಸಿದ. 1845ರಲ್ಲಿ ಅಮೆರಿಕದ ಎಲೈಜಾ ಪ್ರಾಟ್ ಎಂಬಾತ ರಬ್ಬರಿನ ತೊಟ್ಟಿಗೆ ಪೇಟೆಂಟ್ ಪಡೆದ. ಮುಂದೆ ಇಂಗ್ಲೆಂಡಿನಲ್ಲಿ ಉದ್ದನೆಯ ರಬ್ಬರ್ ಕೊಳವೆಯುಳ್ಳ ಬಾಟಲಿಗಳು ಬಂದವು. ಬಾಟಲಿಯನ್ನು ಕೂಸಿನ ಪಕ್ಕದಲ್ಲಿಟ್ಟು ಕೊಳವೆಯನ್ನು ಬಾಯಿಗಿಟ್ಟರೆ ಸಾಕು, ತಾಯಿ ತನ್ನ ಕೆಲಸಕ್ಕೆ ಹೋಗಬಹುದು. ಆದರೆ ಆ ಕೊಳವೆಯ ಒಳಗನ್ನು ತೊಳೆಯಲು ಬಾರದು. ಹಾಲು ಅದರಲ್ಲಿಯೇ ಕೊಳೆತು, ರೋಗಾಣು ಬೆಳೆದು, ಲೆಕ್ಕವಿಲ್ಲದಷ್ಟು ಶಿಶುಗಳು ಸತ್ತವು. ಜನ ಅದಕ್ಕೆ ಕೊಲೆಗಡುಕ ಬಾಟಲಿ ಎಂದೇ ಹೆಸರಿಟ್ಟರು. ಫ್ರಾನ್ಸ್ ದೇಶ 1910ರಲ್ಲಿ ಅದನ್ನು ನಿಷೇಧಿಸಿತು.

ನಮ್ಮ ದೇಶಕ್ಕೆ ಬಾಟಲಿ ಡಬ್ಬಿ ಹಾಲಿನ ಜೊತೆಗೆ ಬಂದಿತು. ಕೊಬ್ಬಿದ ಕೂಸಿನ ಚಿತ್ರವುಳ್ಳ ಡಬ್ಬಿಗಳು ನಮ್ಮ ತಾಯಂದಿರಿಗೆ ತಮ್ಮ ಹಾಲಿನ ಮೇಲೆಯೇ ಅನುಮಾನ ಹುಟ್ಟಿಸಿದವು. ಶುದ್ಧ ನೀರು, ಕುದಿಸಲು ಸೌದೆ ಎರಡಕ್ಕೂ ಕೊರತೆಯಿದ್ದ ಮನೆಗಳಲ್ಲಿ ಬಾಟಲಿ ಎಂದರೆ ಬೇಧಿ. 1981ರಲ್ಲಿ ವಿಶ್ವ ಆರೋಗ್ಯ ಸಭೆ ಡಬ್ಬಿ ಹಾಲು ಮತ್ತು ಬಾಟಲಿಗಳ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆಯನ್ನು ಅಂಗೀಕರಿಸಿತು. ಭಾರತ 1992ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಹಾಲೂಡಿಸುವ ಬಾಟಲಿಯ ಜಾಹೀರಾತು ನಮ್ಮಲ್ಲಿ ನಿಷಿದ್ಧವಾದದ್ದು ಹೀಗೆ.

ಸಿಪ್ಪರ್ ಈ ಬಾಟಲಿಯ ಕಿರಿಯ ತಂಗಿ. ಮೂತಿಯುಳ್ಳ ಮುಚ್ಚಳದ ಲೋಟಗಳು ಹಿಂದೆಯೂ ಇದ್ದವು. ಒಂದು ಹನಿಯೂ ಚೆಲ್ಲದಂತಹ ಕವಾಟವುಳ್ಳ ಲೋಟವನ್ನು ಜನಪ್ರಿಯಗೊಳಿಸಿದ ಕೀರ್ತಿ ಅಮೆರಿಕದ ರಿಚರ್ಡ್ ಬೆಲ್ಯಾಂಜರ್ ಎಂಬ ಎಂಜಿನಿಯರನಿಗೆ ಸಲ್ಲುತ್ತದೆ. 1980ರ ದಶಕದಲ್ಲಿ, ತನ್ನ ಮಗು ಮನೆಯೆಲ್ಲ ಚೆಲ್ಲಿದ ಹಣ್ಣಿನ ರಸವನ್ನು ಒರೆಸಿ ಒರೆಸಿ ಬೇಸತ್ತು ಆತ ಅದನ್ನು ಕಂಡುಹಿಡಿದ. ಅಂದರೆ ಆ ಲೋಟ ಹುಟ್ಟಿದ್ದು ಕೂಸಿನ ಬಾಯಿಯ ಅಗತ್ಯಕ್ಕಿಂತ ಹೆಚ್ಚಾಗಿ ಮನೆಯ ನೆಲದ ಅಗತ್ಯಕ್ಕೆ.

ಕೂಸಿನ ಬಾಯಿಗೆ ಅದರಿಂದ ಏನಾಗುತ್ತದೆ? ಮೂತಿಯಿಂದ ಹೀರುವಾಗ ನಾಲಿಗೆ ಮುಂದೆ ಚಾಚಿ ಚೀಪುವ ಹಳೆಯ ಚಲನೆಯನ್ನೇ ಮಾಡುತ್ತದೆ. ತೆರೆದ ಲೋಟದಲ್ಲಿ ಕುಡಿಯುವಾಗ ತುಟಿ ಅಂಚನ್ನು ಹಿಡಿಯಬೇಕು, ದವಡೆ ಸ್ಥಿರವಾಗಿ ನಿಲ್ಲಬೇಕು, ನಾಲಿಗೆ ಹಿಂದಕ್ಕೆ ಸರಿದು ಗುಟುಕನ್ನು ಒಳಗೆ ಒಯ್ಯಬೇಕು. ದೊಡ್ಡವರಂತೆ ನುಂಗುವುದನ್ನು ಮಗು ಕಲಿಯುವುದು ಹೀಗೆ. ಹಲ್ಲಿನ ಮಾತು ಇನ್ನೂ ಮುಖ್ಯ. ಸಿಹಿ ಪಾನೀಯವನ್ನು ಗಂಟೆಗಟ್ಟಲೆ ಚಪ್ಪರಿಸುತ್ತಿದ್ದರೆ ಬಾಯಲ್ಲಿಯ ಸೂಕ್ಷ್ಮಾಣುಗಳು ಆ ಸಕ್ಕರೆಯಿಂದ ಆಮ್ಲವನ್ನು ತಯಾರಿಸುತ್ತಲೇ ಇರುತ್ತವೆ, ಹಾಲುಹಲ್ಲು ಹುಳುಕಾಗುತ್ತದೆ. ಬೀಳುವ ಭಯವೂ ಇದೆ. ಬಾಟಲಿ, ಚೀಪುತೊಟ್ಟು, ಸಿಪ್ಪರ್‌ಗಳಿಂದ ಗಾಯಗೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ ಮೂರು ವರ್ಷದೊಳಗಿನ ಮಕ್ಕಳ ಲೆಕ್ಕವನ್ನು ಅಮೆರಿಕದ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. 1991ರಿಂದ 2010ರವರೆಗೆ ಸುಮಾರು 45 ಸಾವಿರ ಮಕ್ಕಳು. ಹೆಚ್ಚಿನವು ಬಾಯಲ್ಲಿಟ್ಟುಕೊಂಡು ನಡೆಯುವಾಗ ಬಿದ್ದು ಆದ ಗಾಯಗಳು. ಆದುದರಿಂದಲೇ ಆರು ತಿಂಗಳಿಗೆ ತೆರೆದ ಲೋಟದ ಪರಿಚಯ ಮಾಡಿಸಿ, ಒಂದೂವರೆ ವರ್ಷದ ಹೊತ್ತಿಗೆ ಬಾಟಲಿ ಬಿಡಿಸಿರೆಂದು ಅಲ್ಲಿಯ ಮಕ್ಕಳ ವೈದ್ಯರೂ ಹೇಳುತ್ತಾರೆ.

ಇಷ್ಟನ್ನೂ ಓದಿಕೊಂಡು, ಗೆದ್ದವನ ಠೀವಿಯಿಂದ ಮಗಳ ಮುಂದೆ ನಿಂತೆ. ಆಗ ಅಕ್ಕ ಬಾಯಿ ಬಿಟ್ಟಳು. "ತಮ್ಮಾ, ಅವ್ವ ಎಲ್ಲಿ ಕುಡಿಸಿದ್ಲೋ? ಅವ್ವ ಹೊತ್ತು ಮೂಡೂದ್ರಾಗ ಮೆಣಸಿನಕಾಯಿ ತುಂಬು ಬಿಡಸಾಕ ಹೋಗಾಕಿ. ನಿನ್ನ ತಂಗಿಗೆ ಬಟ್ಟಲಾ ಹಿಡದಾಕಿ ನಾನು."

ಅದು ನಿಜ. ನಮ್ಮ ಊರು ಬ್ಯಾಡಗಿಯ ಸಮೀಪ. ಹೊರಗಿನವರಿಗೆ ಬ್ಯಾಡಗಿ ಎಂದರೆ ಕೆಂಪು ಬಣ್ಣದ, ಸುಕ್ಕುಗಟ್ಟಿದ ಮೆಣಸಿನಕಾಯಿ. 2011ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆಯೂ ದೊರೆಯಿತು. ನಮಗೆ ಅದು, ಸಾಲಾಗಿ ಕುಳಿತು ತುಂಬು ಮುರಿಯುವ ಹೆಣ್ಣುಮಕ್ಕಳ ಉರಿಯುವ ಕೈ. ಆ ಘಾಟಿನಲ್ಲಿ ಕೂಸನ್ನು ಕೂರಿಸಿಕೊಳ್ಳಲಾಗದು. 1960ರಲ್ಲಿ ನಾನು ಒಂದನೆಯ ಇಯತ್ತೆಗೆ ಸೇರಿದೆ. ಮೂರನೆಯ ಇಯತ್ತೆಯಲ್ಲಿದ್ದ, ಒಂಬತ್ತು ವರ್ಷದ ಅಕ್ಕನನ್ನು ಅದೇ ವರ್ಷ ಶಾಲೆಯಿಂದ ಬಿಡಿಸಿದರು. ಕಾರಣ, ತೊಟ್ಟಿಲಲ್ಲಿದ್ದ ತಂಗಿ. ನಾನು ಪಾಟಿಚೀಲ ಹಿಡಿದು ಹೊರಡುವಾಗ ಅಕ್ಕ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನಾನು ಮಾಸ್ತರನಾದೆ.

"ನಾ ಸಾಲಿಗೆ ಹೋಗಿದ್ರ ಆ ಕೂಸಿನ ಬಾಯಿಗೆ ಬಟ್ಟಲಾ ಹಿಡಿಯೋರು ಯಾರಿದ್ರು?" ಎಂದು ಅಕ್ಕ ಕೇಳಿದಳು. ಅದರಲ್ಲಿ ದೂರು ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೆನಪಾದದ್ದು ನನ್ನ ಹಾಜರಿ ಪುಸ್ತಕ. ರಾಣೆಬೆನ್ನೂರು ಕಡೆಯ ಹಳ್ಳಿಯೊಂದರಲ್ಲಿ ನಾನಿದ್ದ ವರ್ಷಗಳಲ್ಲಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳೇ ಬೇಕು. ಆ ಹಂಗಾಮು ಬಂದಿತೆಂದರೆ ಮೂರನೆಯ, ನಾಲ್ಕನೆಯ ತರಗತಿಯ ಹುಡುಗಿಯರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತಿತ್ತು. ಕೇಳಿದರೆ ಪಕ್ಕದ ಮನೆಯ ಹುಡುಗ ಎದ್ದು ನಿಂತು ಹೇಳುತ್ತಿದ್ದ: "ಕೂಸು ಹಿಡಿಯಾಕ ಮನ್ಯಾಗ ಅದಾಳ್ರಿ ಸರ." ಎಷ್ಟು ಬಾರಿ ಆ ಮಾತು ಕೇಳಿದ್ದೇನೆ! ನನ್ನ ಮನೆಯದೇ ಕಥೆ ಅದೆಂದು ಒಮ್ಮೆಯೂ ಹೊಳೆಯಲಿಲ್ಲ.

ತೆರೆದ ಬಟ್ಟಲಿನಲ್ಲಿ ಕುಡಿಯಲು ಕಲಿಯುವ ಕೂಸಿಗೆ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು ಬೇಕು. ಉದ್ದ ಕೊಳವೆಯ ಬಾಟಲಿಯಾಗಲಿ ಸಿಪ್ಪರ್ ಆಗಲಿ ಆ ಒಬ್ಬರು ಇಲ್ಲದ ಜಾಗವನ್ನು ತುಂಬಲು ಬಂದವು. ನಮ್ಮ ಕಾಲದಲ್ಲಿ ಆ ಜಾಗವನ್ನು ತುಂಬಿದವರು ಒಂಬತ್ತು ವರ್ಷದ ಅಕ್ಕಂದಿರು. ಬೆಲೆ ಕೊಟ್ಟವರೂ ಅವರೇ. ಸಿಪ್ಪರ್ ಕೊಡುವ ತಾಯಿಯನ್ನು ಗದರಿಸುವ ಮೊದಲು ಈ ಲೆಕ್ಕವನ್ನು ನಾವು ಒಪ್ಪಿಸಬೇಕು.

ಸಮಾಜ ಈ ಲೆಕ್ಕವನ್ನು ಸರಿಪಡಿಸಲು ಯತ್ನಿಸಲಿಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ನೆಲ ತಿರುಮಕೂಡಲು ನರಸೀಪುರ. ಅಂಗನವಾಡಿಗಳು ಹರಡಿದಂತೆ ಎಷ್ಟೋ ಹುಡುಗಿಯರ ಸೊಂಟದ ಮೇಲಿನ ಭಾರ ಇಳಿಯಿತು. ಆದರೆ ಅಂಗನವಾಡಿಯಲ್ಲಿ ದಿನವೂ ಕೂರಿಸುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಅದಕ್ಕೂ ಚಿಕ್ಕವರಿಗಾಗಿ, ಕೂಲಿಗೆ ಹೋಗುವ ತಾಯಂದಿರ ಅನುಕೂಲಕ್ಕೆ, ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಅಕ್ಕನಿಗೆ 9 ವರ್ಷವಾಗಿದ್ದಾಗ ಬೇಕಾಗಿದ್ದ ಮನೆ ಅವಳ 72ನೆಯ ವಯಸ್ಸಿಗೆ ಬಂದಿತು.

ನನ್ನ ಸೇವೆಯ ಕೊನೆಯ ವರ್ಷದ ಒಂದು ದೃಶ್ಯವೂ ಕಣ್ಣ ಮುಂದಿದೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಆರಂಭವಾಯಿತು. 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿಹಾಲು, ಪ್ರತಿ ಮಗುವಿನ ಕೈಗೆ ಒಂದು ಸ್ಟೀಲಿನ ಲೋಟದಲ್ಲಿ. ಒಂದನೆಯ ತರಗತಿಯ ಕಿರಿಯರು ಎರಡೂ ಕೈಯಿಂದ ಲೋಟ ಹಿಡಿದು, ಬಿಳಿ ಮೀಸೆ ಮೂಡಿಸಿಕೊಂಡು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಅವರಲ್ಲಿ ಕೆಲವರು ಈಗ ಇದನ್ನು ಓದುತ್ತಿರಬಹುದು. ಚೆಲ್ಲಿದ್ದಕ್ಕೆ ಅಂದು ನಾನು ಗದರಿದ್ದು ನಿಮಗೆ ನೆನಪಿದ್ದರೆ, ಮಕ್ಕಳೇ, ಈಗ ಮರೆತುಬಿಡಿ.

ಮರುದಿನ ಬೆಳಿಗ್ಗೆ ನಾನು ಮಗಳ ಬಳಿ ಕುಳಿತು, "ಈ ರಜೆಯಾಗ ಕೂಸಿಗೆ ಲೋಟ ಹಿಡಿಯೂದು ನನ್ನ ಕೆಲಸ" ಎಂದೆ. ಅಕ್ಕ ಗುರುವಾದಳು. ಚಿಕ್ಕ ಸ್ಟೀಲಿನ ಲೋಟ. ಅದರಲ್ಲಿ ಎರಡೇ ಗುಟುಕು ನೀರು. ಕೂಸು ನೆಟ್ಟಗೆ ಕುಳಿತಿರಬೇಕು. ಅಂಚನ್ನು ಕೆಳತುಟಿಗೆ ಇಟ್ಟು ನೀರು ತುಟಿಗೆ ತಾಗುವಷ್ಟು ಮಾತ್ರ ಬಾಗಿಸಿ ಕಾಯಬೇಕು, ಬಾಯಿಗೆ ಸುರಿಯಬಾರದು. ಮೊದಲು ಹಣ್ಣಿನ ರಸದ ಸಿಪ್ಪರ್ ಮಾಯವಾಯಿತು; ರಸದ ಬದಲು ಹಣ್ಣನ್ನೇ ಕೊಟ್ಟೆವು. ಹತ್ತು ದಿನದ ಮೇಲೆ ಹಾಲಿನದು, ಕೊನೆಗೆ ನೀರಿನದು. ಮೊದಲ ವಾರ ದಿನಕ್ಕೆ ನಾಲ್ಕು ಅಂಗಿ ಬದಲಾದವು. ಒಮ್ಮೆ ನಾನು ಅಭ್ಯಾಸಬಲದಿಂದ "ಏಯ್" ಎಂದಾಗ ಅಕ್ಕ ನನ್ನ ಕೈ ಹಿಡಿದಳು: "ಚೆಲ್ಲಲಿ ಬಿಡೋ ತಮ್ಮಾ. ನೆಲಾ ಆರ್ತೈತಿ."

ಮಗಳು ಬೆಂಗಳೂರಿಗೆ ಹೊರಟಾಗ ಪ್ರಯಾಣಕ್ಕೆಂದು ಒಂದು ಸಿಪ್ಪರ್ ಚೀಲಕ್ಕೆ ಸೇರಿತು. ನಾನು ಬೇಡವೆನ್ನಲಿಲ್ಲ. ಓಡುವ ರೈಲಿನಲ್ಲಿ ಅದು ಉಪಯೋಗದ ವಸ್ತುವೇ. ಉಳಿದೆರಡು ಇಲ್ಲಿಯೇ ಅಟ್ಟದ ಮೇಲಿವೆ. ಸ್ಟೀಲಿನ ಲೋಟವನ್ನು ಮಾತ್ರ ಕೂಸು ತಾನೇ ಕೈಯಲ್ಲಿ ಹಿಡಿದುಕೊಂಡು ಹೋಯಿತು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಒಳಲೆ ಉಳಿದಿದ್ದರೆ ತಿಳಿಸಿರಿ, ನೋಡುವ ಆಸೆಯಿದೆ. ಹಾಗೆಯೇ, ನಿಮ್ಮ ಬಾಯಿಗೆ ಮೊದಲ ಬಟ್ಟಲು ಹಿಡಿದವರು ಯಾರೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿರಿ. ಅದು ಅಕ್ಕನಾಗಿದ್ದರೆ, ಅವಳು ಎಷ್ಟನೆಯ ಇಯತ್ತೆಗೆ ಶಾಲೆ ಬಿಟ್ಟಳೆಂಬುದನ್ನೂ ಕೇಳಿರಿ.