ಕಂದು ಕ್ರೇಯಾನಿನ ಕತೆ

ಅಮೆರಿಕದ ಚಿತ್ರಕಾರ ಎಜ್ರಾ ಜ್ಯಾಕ್ ಕೀಟ್ಸ್ ಅವರಿಗೆ ಶಾಲಾ ಶಿಕ್ಷಕರೊಬ್ಬರು ಒಂದು ಕಾಗದ ಬರೆದಿದ್ದರು. ತಮ್ಮ ತರಗತಿಯ ಕಪ್ಪು ಮಕ್ಕಳು ತಮ್ಮದೇ ಚಿತ್ರ ಬರೆಯುವಾಗ ಮೊದಲ ಬಾರಿಗೆ ಕಂದು ಬಣ್ಣದ ಕಡ್ಡಿಯನ್ನು ಎತ್ತಿಕೊಂಡರು ಎಂಬುದು ಅದರ ಒಕ್ಕಣೆ. ಕೀಟ್ಸ್ ಅವರ ‘ದಿ ಸ್ನೋಯಿ ಡೇ’ ಎಂಬ ಪುಸ್ತಕ ಅದಕ್ಕೆ ಕಾರಣವಾಗಿತ್ತು. ಅಲ್ಲಿಯವರೆಗೆ ಆ ಮಕ್ಕಳು ತಮ್ಮ ಮುಖಕ್ಕೆ ಬಳಿಯುತ್ತಿದ್ದುದು ಗುಲಾಬಿ ಬಣ್ಣ.

ಡಬ್ಬಿಯಲ್ಲಿ ಕಂದು ಇರಲಿಲ್ಲವೆಂದಲ್ಲ. 1903ರಲ್ಲಿ ಕ್ರೇಯೋಲಾದ ಮೊದಲ ಡಬ್ಬಿ ಐದು ಸೆಂಟಿಗೆ ಮಾರಾಟಕ್ಕೆ ಬಂದಾಗಲೇ ಅದರ ಎಂಟು ಕಡ್ಡಿಗಳಲ್ಲಿ ಕಂದೂ ಒಂದಾಗಿತ್ತು. ಮರದ ಕಾಂಡಕ್ಕೆ, ನಾಯಿಗೆ, ಮಣ್ಣಿಗೆ ಅದು ಸಲ್ಲುತ್ತಿತ್ತು. ಮನುಷ್ಯನ ಮುಖಕ್ಕೆ ಸಲ್ಲುತ್ತಿರಲಿಲ್ಲ.

ಇದು ಒಂದು ತರಗತಿಯ ವಿಚಿತ್ರವಲ್ಲ. ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಇದನ್ನು ಮೊದಲೇ ಕಂಡುಕೊಂಡಿದ್ದರು. ಅವರ ಗೊಂಬೆಗಳ ಪರೀಕ್ಷೆ ಪ್ರಸಿದ್ಧ. ಬಣ್ಣದ ಕಡ್ಡಿಗಳ ಪರೀಕ್ಷೆಯ ಬಗ್ಗೆ ಮಾತನಾಡುವವರು ಕಡಿಮೆ. ಮಗುವಿನ ಮುಂದೆ ಎಲೆ, ಸೇಬು, ಕಿತ್ತಳೆ, ಇಲಿ, ಹುಡುಗ ಮತ್ತು ಹುಡುಗಿಯ ರೇಖಾಚಿತ್ರಗಳನ್ನಿಟ್ಟು ಬಣ್ಣ ತುಂಬಲು ಹೇಳುತ್ತಿದ್ದರು. ಎಲೆಗೆ ಹಸಿರು, ಸೇಬಿಗೆ ಕೆಂಪು ಎಂದು ತಪ್ಪಿಲ್ಲದೆ ತುಂಬಿದ ಮಕ್ಕಳಲ್ಲಿ ಕೆಲವರು ‘ಇದು ನೀನು’ ಎಂದ ಚಿತ್ರಕ್ಕೆ ಬಂದಾಗ ಮಾತ್ರ ತಮ್ಮ ಮೈಬಣ್ಣಕ್ಕಿಂತ ಎಷ್ಟೋ ತಿಳಿಯಾದ ಬಣ್ಣ ಹಚ್ಚಿದರು. ಯಾವ ಮನುಷ್ಯರಿಗೂ ಇಲ್ಲದ ಬಣ್ಣ ಹಚ್ಚಿದವರೂ ಇದ್ದರು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ಕೊಟ್ಟ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಬರಹದ ಉಲ್ಲೇಖವಿದೆ.

ಮಕ್ಕಳಿಗೆ ಈ ಬಣ್ಣದ ಪಾಠವನ್ನು ಕಲಿಸಿದ್ದರಲ್ಲಿ ಪುಸ್ತಕಗಳ ಪಾಲೂ ಇತ್ತು. ಅವುಗಳಲ್ಲಿ ಕಪ್ಪು ಮಗು ಇರುತ್ತಿರಲಿಲ್ಲ, ಇದ್ದರೆ ನಗೆಪಾಟಲಿಗೆ ಇರುತ್ತಿತ್ತು. ಇದನ್ನು ಸರಿಪಡಿಸಲು ಡಬ್ಲ್ಯು. ಇ. ಬಿ. ಡುಬಾಯ್ಸ್ 1920ರ ಜನವರಿಯಲ್ಲಿ ‘ದಿ ಬ್ರೌನೀಸ್ ಬುಕ್’ ಎಂಬ ಮಕ್ಕಳ ಮಾಸಿಕ ಹೊರಡಿಸಿದರು. ಹದಿಹರೆಯದ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಕವಿತೆಗಳು ಅದರಲ್ಲಿ ಅಚ್ಚಾದವು. ಇಪ್ಪತ್ತನಾಲ್ಕು ಸಂಚಿಕೆಗಳಾದ ಮೇಲೆ ಪತ್ರಿಕೆ ನಿಂತಿತು. ನ್ಯೂಯಾರ್ಕಿನ ಹಾರ್ಲೆಂನ ಗ್ರಂಥಾಲಯದಲ್ಲಿ ಆಗಸ್ಟಾ ಬೇಕರ್ 1939ರಲ್ಲಿ ಕಪ್ಪು ಮಕ್ಕಳನ್ನು ಗೌರವದಿಂದ ಚಿತ್ರಿಸಿದ ಪುಸ್ತಕಗಳನ್ನು ಹುಡುಕಿ ಒಂದೆಡೆ ಇಡತೊಡಗಿದರು.

ಕೀಟ್ಸ್ ಸ್ವತಃ ಕಪ್ಪು ಜನಾಂಗದವರಲ್ಲ. 1916ರಲ್ಲಿ ಬ್ರೂಕ್ಲಿನ್‌ನಲ್ಲಿ, ಪೋಲೆಂಡಿನಿಂದ ವಲಸೆ ಬಂದ ಬಡ ಯೆಹೂದಿ ಕುಟುಂಬದಲ್ಲಿ ಹುಟ್ಟಿದವರು. ಅವರ ನಿಜ ಹೆಸರು ಜೇಕಬ್ ಎಜ್ರಾ ಕಾಟ್ಜ್. ಯೆಹೂದಿ ದ್ವೇಷದ ಆ ದಿನಗಳಲ್ಲಿ, 1947ರಲ್ಲಿ, ಹೆಸರು ಬದಲಿಸಿಕೊಂಡರು. ತಾನು ಯಾರೆಂದು ಮರೆಮಾಚಬೇಕಾಗಿ ಬಂದ ಮನುಷ್ಯನಿಗೆ ಗುಲಾಬಿ ಕಡ್ಡಿ ಹಿಡಿದ ಮಗುವಿನ ಕಷ್ಟ ತಿಳಿಯದೆ ಇರುವುದು ಹೇಗೆ?

1940ರ ‘ಲೈಫ್’ ಪತ್ರಿಕೆಯಲ್ಲಿ, ರಕ್ತಪರೀಕ್ಷೆಗೆ ನಿಂತ ಕಪ್ಪು ಹುಡುಗನೊಬ್ಬನ ಸಾಲು ಛಾಯಾಚಿತ್ರಗಳು ಬಂದಿದ್ದವು. ಕೀಟ್ಸ್ ಅವನ್ನು ಕತ್ತರಿಸಿಟ್ಟುಕೊಂಡರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಚಿತ್ರಗಳು ಅವರೊಡನೆ ಇದ್ದವು. ಈ ಅವಧಿಯಲ್ಲಿ ಬೇರೆಯವರ ಕತೆಗಳಿಗೆ ಅವರು ಚಿತ್ರ ಬರೆದುಕೊಟ್ಟರು, ಅವುಗಳಲ್ಲಿ ಒಂದರಲ್ಲೂ ಕಪ್ಪು ಮಗು ನಾಯಕನಾಗಿರಲಿಲ್ಲ. ಕೊನೆಗೆ 1962ರಲ್ಲಿ ಆ ಹುಡುಗ ಪೀಟರ್ ಎಂಬ ಹೆಸರಿನಿಂದ, ಕೆಂಪು ಕುಲಾವಿಯ ಅಂಗಿ ತೊಟ್ಟು, ಪುಸ್ತಕದೊಳಗೆ ನಡೆದು ಬಂದ.

ಕತೆಯೆಂದರೆ ಇಷ್ಟೆ: ಹಿಮ ಬಿದ್ದಿದೆ, ಹುಡುಗ ಆಡುತ್ತಾನೆ. ಚಿತ್ರಗಳನ್ನು ಮಾಡಿದ ಬಗೆ ಮಾತ್ರ ಮಕ್ಕಳ ಕೈಗೆಲಸದಂತೆಯೇ ಇದೆ. ಅಮ್ಮನ ಉಡುಪು ಅಡುಗೆಮನೆಯ ಕಪಾಟಿಗೆ ಹಾಸುವ ಆಯಿಲ್‌ಕ್ಲಾತ್ ತುಂಡು. ಹಿಮದ ಹರಳುಗಳು ರಬ್ಬರಿನಲ್ಲಿ ಕೆತ್ತಿದ ಅಚ್ಚುಗಳು. ರಾತ್ರಿಯ ಬೂದು ಬಣ್ಣ ಹಲ್ಲುಜ್ಜುವ ಬ್ರಷ್ಷಿನಿಂದ ಎರಚಿದ ಇಂಡಿಯನ್ ಇಂಕು. 1963ರಲ್ಲಿ ಈ ಪುಸ್ತಕಕ್ಕೆ ಕಾಲ್ಡೆಕಾಟ್ ಪದಕ ಬಂತು.

ಎಲ್ಲರೂ ಮೆಚ್ಚಲಿಲ್ಲ. 1965ರಲ್ಲಿ ನ್ಯಾನ್ಸಿ ಲಾರಿಕ್ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಬರೆದ ಲೇಖನ ದೊಡ್ಡ ಗದ್ದಲವೆಬ್ಬಿಸಿತು. ಮೂರು ವರ್ಷಗಳಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳನ್ನು ಎಣಿಸಿದ್ದ ಅವರಿಗೆ ಕಪ್ಪು ಪಾತ್ರ ಒಂದಾದರೂ ಇದ್ದವು 349 ಮಾತ್ರ ಸಿಕ್ಕಿದ್ದವು. ಅದೇ ಲೇಖನದಲ್ಲಿ ಕೀಟ್ಸ್‌ಗೂ ಪೆಟ್ಟು ಬಿತ್ತು: ಪೀಟರ್ ಕಪ್ಪು ಹುಡುಗನೆಂದು ಪಠ್ಯ ಎಲ್ಲಿಯೂ ಹೇಳುವುದಿಲ್ಲ, ಅಮ್ಮನ ದಪ್ಪ ಆಕೃತಿ ಹಳೆಯ ಪಡಿಯಚ್ಚಿನದು. ನೋವುಂಡ ಕೀಟ್ಸ್ ಉತ್ತರ ಬರೆದರು. ಚಿತ್ರದಲ್ಲಿ ಕಣ್ಣಿಗೆ ಕಾಣುವುದಕ್ಕೆ ಮತ್ತೆ ಹಣೆಪಟ್ಟಿ ಏಕೆ ಎಂಬುದು ಅವರ ವಾದ. ಅಮ್ಮನ ವಿಷಯದಲ್ಲಿ ಲಾರಿಕ್ ಮಾತಿಗೆ ತೂಕವಿದೆ. ಆದರೆ ಓದಲು ಬಾರದ ಮಗುವಿಗೆ ಪುಸ್ತಕವೆಂದರೆ ಚಿತ್ರವೇ; ಕಂದು ಕಡ್ಡಿಯನ್ನು ಎತ್ತಿಕೊಂಡ ಮಕ್ಕಳಿಗೆ ಪೀಟರ್ ಯಾರೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಪೀಟರ್ ಬಂದ 1962ರಲ್ಲೇ ಕ್ರೇಯೋಲಾ ಇನ್ನೊಂದು ಕೆಲಸ ಮಾಡಿತು. ನಸುಗುಲಾಬಿ ಕಡ್ಡಿಯ ಮೇಲಿದ್ದ ‘ಫ್ಲೆಶ್’, ಎಂದರೆ ಮೈಬಣ್ಣ, ಎಂಬ ಹೆಸರನ್ನು ತೆಗೆದು ‘ಪೀಚ್’ ಎಂದಿತು. 1999ರಲ್ಲಿ ‘ಇಂಡಿಯನ್ ರೆಡ್’ ಎಂಬುದೂ ‘ಚೆಸ್ಟ್‌ನಟ್’ ಆಯಿತು. ಭಾರತದ ಕಡೆಯ ಕೆಮ್ಮಣ್ಣಿನಿಂದ ಬಂದ ಆ ಹೆಸರನ್ನು ಮಕ್ಕಳು ಅಮೆರಿಕದ ಮೂಲನಿವಾಸಿಗಳ ಮೈಬಣ್ಣವೆಂದು ತಿಳಿಯುತ್ತಿದ್ದಾರೆಂದು ಶಿಕ್ಷಕರು ದೂರಿದ್ದರು. 1992ರಲ್ಲಿ ಬೇರೆ ಬೇರೆ ಮೈಬಣ್ಣಗಳ ಎಂಟು ಕಡ್ಡಿಗಳ ಡಬ್ಬಿ ಬಂತು, 2020ರಲ್ಲಿ ಇಪ್ಪತ್ತನಾಲ್ಕರದು.

ನಮ್ಮ ಕಡೆ ಈ ಕತೆ ಇನ್ನೂ ಅರ್ಧದಾರಿಯಲ್ಲಿದೆ. ಡ್ರಾಯಿಂಗ್ ಪುಸ್ತಕದ ಮುಂದೆ ಕೂತ ಮಗು ಪಕ್ಕದವರನ್ನು ‘ಸ್ಕಿನ್ ಕಲರ್ ಕೊಡು’ ಎಂದು ಕೇಳಿದರೆ ಕೈಗೆ ಬರುವುದು ಅದೇ ನಸುಗುಲಾಬಿ ಕಡ್ಡಿ.