ತೂಬಿನಿಂದ ಕಾಂಟ್ಯಾಕ್ಟರಿಗೆ: ನಂಗಲಿಯ ಸೀಮೆಯಲ್ಲಿ ವಿದ್ಯುತ್ತಿನ ಹತೋಟಿ

ಮೈಸೂರು ಸೀಮೆಯ ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆಯುವಾಗ ವಿದ್ಯುದಾಗಾರಗಳ ಸಾಮರ್ಥ್ಯವನ್ನೂ ತಂತಿಮಾರ್ಗಗಳ ಉದ್ದವನ್ನೂ ಲೆಕ್ಕಹಾಕುವುದು ವಾಡಿಕೆ. ಶಕ್ತಿ ಎಲ್ಲಿ ಹುಟ್ಟಿತು, ಎಷ್ಟು ದೂರ ಹರಿಯಿತು ಎಂಬ ಪ್ರಶ್ನೆಗಳು ಮುಖ್ಯವಾದುವೇ ಸರಿ. ಆದರೆ ಅದನ್ನು ಹರಿಯಬಿಡುವ ಮತ್ತು ತಡೆಯುವ ಅಧಿಕಾರ ಯಾರದಾಗಿತ್ತು, ಅದು ಯಾರ ಕೈಯಿಂದ ಯಾರ ಕೈಗೆ ಸಾಗಿತು ಎಂಬುದೂ ಇತಿಹಾಸಕ್ಕೆ ಸೇರಿದ ವಿಷಯವೇ. ಈ ಲೇಖನದಲ್ಲಿ ನಾವು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ನಂಗಲಿಯ ಸೀಮೆಯನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡಲು ಉದ್ದೇಶಿಸಿದ್ದೇವೆ.

ನಂಗಲಿ ಬಹು ಹಳೆಯ ಗಡಿ. ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ಅವನ ರಾಜ್ಯದ ಮೂಡಣ ಎಲ್ಲೆಯಾಗಿ ಈ ಹೆಸರು ಬರುತ್ತದೆ. ತಾಲ್ಲೂಕಿನ ಹೆಸರಾದರೋ ‘ಮೂಡಲ ಬಾಗಿಲು’ ಎಂಬುದರಿಂದ ಬಂದುದು. ಈ ನಾಡಿನಲ್ಲಿ ಬೇಸಗೆಯಲ್ಲಿಯೂ ತುಂಬಿ ಹರಿಯುವ ನದಿಯಿಲ್ಲ. ಆದಕಾರಣ ಇಲ್ಲಿನ ಬೇಸಾಯವು ಶತಮಾನಗಳ ಕಾಲ ಕೆರೆಗಳನ್ನೇ ನಂಬಿಕೊಂಡಿತ್ತು. ಕೆರೆಯ ತೂಬನ್ನು ತೆರೆಯುವವನು ನೀರುಗಂಟಿ. ಯಾವ ಗದ್ದೆಗೆ ಮೊದಲು, ಯಾವುದಕ್ಕೆ ಅನಂತರ, ಎಷ್ಟು ಹೊತ್ತು ಎಂಬುದನ್ನು ಅವನು ಊರಿನ ಪರವಾಗಿ ನಡೆಸುತ್ತಿದ್ದನು. ಅದಕ್ಕೆ ಪ್ರತಿಯಾಗಿ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದನು. ತೂಬು ಒಂದೇ, ಅದನ್ನು ತೆರೆಯುವ ಕೈಯೂ ಒಂದೇ. ಆ ಕೈ ಊರಿಗೆ ಉತ್ತರ ಹೇಳಬೇಕಾಗಿತ್ತು. ಇದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಈ ಜಿಲ್ಲೆಗೆ ವಿದ್ಯುಚ್ಛಕ್ತಿ ಬಂದುದು ಬೇಸಾಯಕ್ಕಾಗಿ ಅಲ್ಲ, ಚಿನ್ನಕ್ಕಾಗಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆಯು ಇಂಜಿನಿಯರ್ ಲಾಟ್‌ಬಿನಿಯರ್ ಅವರ ಪ್ರಯತ್ನದಿಂದ ಫಲಿಸಿ, 1902ರ ಜೂನ್ ತಿಂಗಳಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಸಾಗಿಸಿತು. ಅಂದಿನ ಜಗತ್ತಿನ ಅತ್ಯಂತ ಉದ್ದದ ತಂತಿಮಾರ್ಗಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅನಂತರ, 1905ರಲ್ಲಿ. ಗಣಿಗಳನ್ನು ನಡೆಸುತ್ತಿದ್ದುದು ಜಾನ್ ಟೇಲರ್ ಸಂಸ್ಥೆ. ಕೊಳ್ಳುವವರು ಒಂದೇ ಆಡಳಿತಕ್ಕೆ ಒಳಪಟ್ಟವರು. ಅವರಿಗೆ ಶಕ್ತಿ ಹಗಲಿರುಳೂ ಬೇಕು. ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ಈ ಪ್ರವಾಹ ಕುಂದದಂತೆ ನೋಡಿಕೊಳ್ಳುವುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಹೀಗಿರುವಲ್ಲಿ, ಯಾರು ಯಾವಾಗ ಮಂಡಲವನ್ನು ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬ ವಿವಾದವು ಹುಟ್ಟಲು ಹೆಚ್ಚು ಅವಕಾಶವಿರಲಿಲ್ಲ.

ಇದೇ ಕಾಲದಲ್ಲಿ ಹೊರ ಪ್ರಪಂಚದಲ್ಲಿ ಮತ್ತೊಂದು ಬದಲಾವಣೆ ನಡೆದಿತ್ತು. ದೊಡ್ಡ ಪ್ರವಾಹವನ್ನು ಕೈಯಿಂದ ಕಡಿಯುವುದು ಅಪಾಯಕರ; ಸಂಪರ್ಕವು ಬಿಡುವಾಗ ಕಿಡಿ ಹಾರಿ ಲೋಹವು ಸುಡುತ್ತದೆ. ಜೋಸೆಫ್ ಹೆನ್ರಿಯು 1835ರ ವೇಳೆಗೆ, ದೂರದಿಂದ ಬಂದ ಅಲ್ಪ ಪ್ರವಾಹದಿಂದ ವಿದ್ಯುತ್ಕಾಂತವನ್ನು ಆಡಿಸಿ ಬೇರೊಂದು ಮಂಡಲವನ್ನು ಹತೋಟಿಯಲ್ಲಿಡಬಹುದೆಂದು ತೋರಿಸಿದ್ದನು. 1897ರಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬಾತನು ಷಿಕಾಗೊ ನಗರದ ರೈಲಿನಲ್ಲಿ, ಒಬ್ಬನೇ ಚಾಲಕನು ಸಣ್ಣ ಪ್ರವಾಹದ ಮೂಲಕ ಎಲ್ಲ ಗಾಡಿಗಳ ಮೋಟಾರುಗಳನ್ನೂ ಒಟ್ಟಿಗೆ ನಡೆಸುವ ವ್ಯವಸ್ಥೆಯನ್ನು ಬಳಕೆಗೆ ತಂದನು. ಸಣ್ಣ ಪ್ರವಾಹವು ದೊಡ್ಡ ಪ್ರವಾಹವನ್ನು ಆಳುವ ಈ ತತ್ತ್ವವೇ ಕಾಂಟ್ಯಾಕ್ಟರಿನ ಜೀವಾಳ.

ಸ್ವಾತಂತ್ರ್ಯಾನಂತರ ಹಳ್ಳಿಗಳಿಗೆ ತಂತಿ ಎಳೆದಂತೆಲ್ಲ, ಎತ್ತುಗಳು ಕಪಿಲೆ ಎಳೆಯುತ್ತಿದ್ದ ಬಾವಿಗಳ ಮೇಲೆ ಪಂಪುಗಳು ಕುಳಿತವು. ಅವುಗಳೊಡನೆ ಸ್ಟಾರ್ಟರ್ ಪೆಟ್ಟಿಗೆಯೂ ಬಂದಿತು. ಅದರೊಳಗಿನ ಏರ್ಪಾಡನ್ನು ಇಲ್ಲಿ ವಿವರಿಸುವುದು ಅವಶ್ಯಕ. ಹಸಿರು ಗುಂಡಿಯನ್ನು ಒತ್ತಿದಾಗ ತೆಳುತಂತಿಯ ಸುರುಳಿಯಲ್ಲಿ ಪ್ರವಾಹ ಹರಿದು ಕಬ್ಬಿಣವು ಕಾಂತವಾಗುತ್ತದೆ. ಅದು ಚಲಿಸುವ ಭಾಗವನ್ನು ಎಳೆದುಕೊಂಡು ಮೂರು ಫೇಸುಗಳ ಸಂಪರ್ಕವನ್ನು ಒಮ್ಮೆಗೇ ಮುಚ್ಚುತ್ತದೆ. ಬೆರಳನ್ನು ತೆಗೆದರೂ ಅದು ಬೀಳುವುದಿಲ್ಲ, ಏಕೆಂದರೆ ಜೊತೆಯಲ್ಲಿಯೇ ಮುಚ್ಚಿದ ಇನ್ನೊಂದು ಸಣ್ಣ ಸಂಪರ್ಕದ ಮೂಲಕ ಸುರುಳಿಯು ತನಗೆ ಬೇಕಾದ ಪ್ರವಾಹವನ್ನು ತಾನೇ ಪಡೆಯುತ್ತಿರುತ್ತದೆ. ಕೆಂಪು ಗುಂಡಿಯನ್ನು ಒತ್ತಿದರೆ, ಅಥವಾ ಸರಬರಾಯಿ ನಿಂತರೆ, ಸ್ಪ್ರಿಂಗು ಸಂಪರ್ಕವನ್ನು ಬಿಡಿಸುತ್ತದೆ. ಕರೆಂಟು ಮರಳಿ ಬಂದಾಗ ಪಂಪು ತಾನಾಗಿ ನಡೆಯಲಾರದು. ಮನುಷ್ಯನೊಬ್ಬನು ಬಂದು ಮತ್ತೆ ಒತ್ತಬೇಕು. ಇದು ದೋಷವಲ್ಲ, ಉದ್ದೇಶಪೂರ್ವಕವಾಗಿ ಮಾಡಿದ ರಕ್ಷಣೆ.

ಇಲ್ಲಿಯೇ ನಮ್ಮ ಸಮಸ್ಯೆಯ ಗಂಟು ಇರುವುದು. ಅಂತರ್ಜಲ ಕುಸಿದು ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದವು. ಪಂಪಿಗೆ ಬೇಕಾದ ಮೂರು ಫೇಸಿನ ಸರಬರಾಯಿ ದಿನಕ್ಕೆ ಕೆಲವೇ ಗಂಟೆಗಳಿಗೆ, ಅನೇಕ ವೇಳೆ ನಡುರಾತ್ರಿಗೆ, ಸೀಮಿತವಾಯಿತು. 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತವಾದುದರಿಂದ, ಹೆಚ್ಚು ಹೊತ್ತು ಪಂಪು ನಡೆದರೆ ಹೆಚ್ಚು ಹಣ ತೆರಬೇಕೆಂಬ ಹಿಂಜರಿಕೆಯೂ ಉಳಿಯಲಿಲ್ಲ. ಹಾವು ಚೇಳುಗಳ ಕತ್ತಲೆಯಲ್ಲಿ ಹೊಲಕ್ಕೆ ನಡೆದುಹೋಗಿ ಗುಂಡಿ ಒತ್ತುವ ಕಷ್ಟವನ್ನು ತಪ್ಪಿಸಿಕೊಳ್ಳಲು ರೈತನು ಆಟೋ ಸ್ಟಾರ್ಟರನ್ನು ಕೂಡಿಸಿಕೊಂಡನು. ಕರೆಂಟು ಬಂದೊಡನೆ ಅದೇ ಹಸಿರು ಗುಂಡಿಯ ಕೆಲಸವನ್ನು ಮಾಡುತ್ತದೆ. ರೈತನನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ.

ಆದರೆ ಇದರ ಪರಿಣಾಮವನ್ನು ಕಾಣದಿರುವುದೂ ಸರಿಯಲ್ಲ. ಮೋಟಾರು ಹೊರಡುವಾಗ ತನ್ನ ಸಹಜ ಪ್ರವಾಹದ ಐದಾರು ಪಟ್ಟು ಎಳೆಯುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ಪಂಪುಗಳೆಲ್ಲವೂ ಒಂದೇ ಕ್ಷಣದಲ್ಲಿ ಎದ್ದರೆ ವೋಲ್ಟೇಜು ಕುಸಿಯುತ್ತದೆ. ಮೋಟಾರುಗಳು ಏಳಲಾರದೆ ಕಾಯುತ್ತವೆ. ಸುರುಳಿಗಳೋ ಟ್ರಾನ್ಸ್‌ಫಾರ್ಮರೋ ಸುಡುವ ಸಂಭವವುಂಟು. ಕರೆಂಟಿಲ್ಲವೆಂದು ನಂಬಿ ತಂತಿಗೆ ಕೈಹಾಕಿದವನ ಪ್ರಾಣಕ್ಕೂ ಸಂಚಕಾರ. ನೀರುಗಂಟಿಯು ಒಂದರ ಅನಂತರ ಒಂದರಂತೆ ನೀರು ಬಿಡುತ್ತಿದ್ದ ಕ್ರಮವು ಇಲ್ಲಿ ಲೋಪವಾಗಿದೆ. ತೂಬುಗಳು ಅಸಂಖ್ಯವಾದವು, ಅವೆಲ್ಲವೂ ಒಮ್ಮೆಗೇ ತೆರೆಯುತ್ತವೆ, ತೆರೆದವರು ಯಾರೂ ಇಲ್ಲ.

ಈಚಿನ ದಿನಗಳಲ್ಲಿ ಬಳಕೆಗೆ ಬಂದಿರುವ ಮಾಡ್ಯುಲರ್ ಕಾಂಟ್ಯಾಕ್ಟರು ಇದೇ ವಂಶದ ಕಿರಿಯ ಕುಡಿ. 35 ಮಿಲಿಮೀಟರಿನ ಲೋಹದ ಪಟ್ಟಿಯ ಮೇಲೆ, ಸುಮಾರು 18 ಮಿಲಿಮೀಟರಿನ ಅಳತೆಯ ಮನೆಗಳಲ್ಲಿ, ಎಂಸಿಬಿಗಳ ಪಕ್ಕದಲ್ಲಿಯೇ ಅದು ಕುಳಿತುಕೊಳ್ಳುತ್ತದೆ. ಗಡಿಯಾರ ಸ್ವಿಚ್ಚಿನೊಡನೆ ಕೂಡಿಸಿದರೆ ಬೀದಿಯ ದೀಪಗಳನ್ನೂ ನೀರು ಕಾಯಿಸುವ ಹಂಡೆಯನ್ನೂ ಹೊತ್ತಿಗೆ ಸರಿಯಾಗಿ ನಡೆಸುತ್ತದೆ. ಆದರೆ ಅದರ ಮಿತಿಯನ್ನು ಅರಿತಿರಬೇಕು. ಹಂಡೆಗೆ 25 ಆಂಪಿಯರ್ ಹೊರಬಲ್ಲದೆಂದು ಬರೆದಿರುವ ಅನೇಕ ಮಾದರಿಗಳು ಮೋಟಾರಿಗೆ ಅದರ ಮೂರನೆಯ ಒಂದು ಭಾಗವನ್ನು ಮಾತ್ರ ಹೊರಬಲ್ಲವು. ಶಾರ್ಟ್ ಸರ್ಕ್ಯೂಟನ್ನು ಕಡಿಯುವುದು ಎಂಸಿಬಿಯ ಕೆಲಸವೇ ಹೊರತು ಕಾಂಟ್ಯಾಕ್ಟರಿನದಲ್ಲ. ಕೊಳವೆಬಾವಿಯ ಪಂಪಿಗೆ ಮೋಟಾರಿಗೆಂದೇ ಮಾಡಿದ ದೊಡ್ಡ ಕಾಂಟ್ಯಾಕ್ಟರೂ ಓವರ್‌ಲೋಡ್ ರಿಲೇಯೂ ಬೇಕು.

ಹಾಗಾದರೆ ಯಂತ್ರವನ್ನು ಬಿಟ್ಟು ಹಿಂದಕ್ಕೆ ಹೋಗಬೇಕೆ? ನಮ್ಮ ಅಭಿಪ್ರಾಯ ಹಾಗಲ್ಲ. ಪ್ರತಿಯೊಂದು ಪಂಪಿಗೂ ಬೇರೆ ಬೇರೆ ಅವಧಿಯ ತಡವನ್ನಿಟ್ಟು, ಒಂದು ಎದ್ದ ಮೇಲೆ ಇನ್ನೊಂದು ಏಳುವಂತೆ ಮಾಡಬಹುದು. ಅದಕ್ಕೆ ಬೇಕಾದ ಟೈಮರು ದುಬಾರಿಯೂ ಅಲ್ಲ, ಅಪರೂಪವೂ ಅಲ್ಲ. ಬೇಕಾಗಿರುವುದು ಸರದಿಯನ್ನು ನಿರ್ಣಯಿಸಲು ಒಂದು ಟ್ರಾನ್ಸ್‌ಫಾರ್ಮರಿನ ರೈತರು ಕೂಡಿ ಕುಳಿತುಕೊಳ್ಳುವುದು. ಅಂದರೆ ನೀರುಗಂಟಿಯ ವಿವೇಕವನ್ನು ಪೆಟ್ಟಿಗೆಯೊಳಕ್ಕೆ ತರುವುದು.

2001ರಲ್ಲಿ ಚಿನ್ನದ ಗಣಿಗಳು ಮುಚ್ಚಿದವು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ತ್ಯಾಜ್ಯನೀರು ಪಂಪುಗಳ ಬಲದಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಕೆರೆಗೆ ನೀರು ಬರುವುದಕ್ಕೂ ಇಂದು ಎಲ್ಲಿಯೋ ಒಂದು ಮಂಡಲ ಮುಚ್ಚಬೇಕಾಗಿದೆ. ಆದುದರಿಂದ ಈ ನಾಡಿನ ನೀರಿನ ಚರಿತ್ರೆಯನ್ನೂ ವಿದ್ಯುತ್ತಿನ ಚರಿತ್ರೆಯನ್ನೂ ಇನ್ನು ಮುಂದೆ ಬೇರೆಬೇರೆಯಾಗಿ ಬರೆಯುವುದು ಉಚಿತವಾಗಲಾರದು. ನಮ್ಮ ವಿದ್ಯಾರ್ಥಿಗಳು ಶಾಸನಗಳನ್ನು ಓದುವಂತೆಯೇ, ಹೊಲದ ಬದುವಿನ ಮೇಲಿರುವ ಸ್ಟಾರ್ಟರ್ ಪೆಟ್ಟಿಗೆಯನ್ನೂ ತೆರೆದು ಓದಲು ಕಲಿಯಬೇಕು. ತೆರೆಯುವ ಮುನ್ನ ಮೈನ್ ಸ್ವಿಚ್ಚನ್ನು ಆರಿಸಿರಬೇಕೆಂಬುದನ್ನು ಮಾತ್ರ ಮರೆಯಬಾರದು.